ಒಪೆಕ್ ಪ್ಲಸ್ ಬಿಟ್ಟು ಉಳಿದ ದೇಶಗಳ ತೈಲ ಅವುಗಳಿಗೇ ಸಾಲುತ್ತಾ?

ಕುತೂಹಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ ಇದೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಸುದ್ದಿ ನೋಡಿದರೆ ಅಮೆರಿಕ ಈಗ ಜಗತ್ತಿನಲ್ಲೇ ಅತಿ ಜಾಸ್ತಿ ಕಚ್ಚಾ ತೈಲ ತೆಗೆಯುವ ದೇಶ. ಗಯಾನಾ ಅನ್ನುವ ಪುಟ್ಟ ದೇಶ 2019ರ ಕೊನೆಯಲ್ಲಿ ಮೊದಲ ಬ್ಯಾರೆಲ್ ತೆಗೆದು, 2024ರ ಹೊತ್ತಿಗೆ ದಿನಕ್ಕೆ 6 ಲಕ್ಷ ಬ್ಯಾರೆಲ್ ದಾಟಿಬಿಟ್ಟಿತು. ಬ್ರೆಜಿಲ್, ಕೆನಡಾ, ಅರ್ಜೆಂಟೀನಾ ಕೂಡ ಏರುತ್ತಲೇ ಇವೆ. ಇವರ್ಯಾರಿಗೂ ತೈಲ ರಫ್ತು ದೇಶಗಳ ಕೂಟವಾದ ಒಪೆಕ್‌ನ ಕೋಟಾ (ಎಷ್ಟು ತೆಗೆಯಬೇಕು ಅನ್ನುವ ಮಿತಿ) ಇಲ್ಲ, ಯಾರೂ ಅದರ ಮಾತು ಕೇಳಬೇಕಾಗಿಲ್ಲ. ಇಷ್ಟಿದ್ದರೂ ಒಪೆಕ್ ಪ್ಲಸ್ ಮಂತ್ರಿಗಳು ಒಂದು ಸಭೆ ಕರೆದರೆ ಸಾಕು, ಬೆಲೆ ಮೇಲೆ ಕೆಳಗೆ ಆಗುತ್ತೆ. ಯಾಕೆ ಹೀಗೆ?

ನನಗೆ ಬೇಕಾಗಿರುವುದು ಸರಳ ಲೆಕ್ಕ. ಒಪೆಕ್ ದೇಶಗಳು, ಅವುಗಳ ಜೊತೆ ಸೇರಿಕೊಂಡಿರುವ ರಷ್ಯಾ, ಕಜಾಕಿಸ್ತಾನ ಮುಂತಾದವನ್ನೆಲ್ಲ ಪಕ್ಕಕ್ಕಿಟ್ಟರೆ, ಉಳಿದ ಜಗತ್ತು ದಿನಕ್ಕೆ ಎಷ್ಟು ತೆಗೆಯುತ್ತೆ, ಎಷ್ಟು ಸುಡುತ್ತೆ? ಅಂತರ ಕಡಿಮೆ ಆಗ್ತಾ ಇದೆಯಾ? ಗ್ಯಾಸ್ ಕಥೆಯೂ ಇದೇನಾ, ಬೇರೆಯಾ?

"ತೈಲ ಮುಗಿದೇ ಹೋಗುತ್ತೆ" ಅನ್ನುವ ವಾದವಾಗಲಿ, "ಇನ್ನು ತೈಲವೇ ಬೇಡ" ಅನ್ನುವ ವಾದವಾಗಲಿ ದಯವಿಟ್ಟು ಬೇಡ. ಎರಡೂ ಕೇಳಿ ಕೇಳಿ ಸಾಕಾಗಿದೆ. ಅಂಕಿ ಅಂಶ ಕೊಡಿ ಸಾಕು.

ಕಬ್ಬಿಣದ ಕಡಲೆ:

ಲೆಕ್ಕ ಅಷ್ಟು ಕಷ್ಟ ಇಲ್ಲ, ಮಾಡೋಣ. ಎಲ್ಲವೂ 2024ರ ಅಂಕಿ, ಎಲ್ಲವೂ ದಿನಕ್ಕೆ, ಎಲ್ಲವೂ ಸುಮಾರು.

ಇಡೀ ಜಗತ್ತಿನ ಬಳಕೆ 10.3 ಕೋಟಿ ಬ್ಯಾರೆಲ್. ಒಪೆಕ್ ಪ್ಲಸ್ ಹೊರಗಿನವರು ತೆಗೆಯುವುದು 5.3 ಕೋಟಿ ಆಸುಪಾಸು, ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಇದರಲ್ಲಿ ಕಚ್ಚಾ ತೈಲ ಮಾತ್ರ ಅಲ್ಲ, ಗ್ಯಾಸ್ ಜೊತೆ ಬರುವ ಪ್ರೊಪೇನ್, ಬ್ಯುಟೇನ್, ಈಥೇನ್, ಕಬ್ಬು ಮತ್ತು ಜೋಳದ ಎಥನಾಲ್ ಎಲ್ಲ ಸೇರಿದೆ, ಇದನ್ನ ನೆನಪಿಡಿ. ಗುಂಪಿನ ದೇಶಗಳು ತಮ್ಮ ಮನೆಯಲ್ಲೇ ಸುಡುವುದು ಒಂದೂವರೆ ಕೋಟಿಗಿಂತ ಸ್ವಲ್ಪ ಜಾಸ್ತಿ. ಅದನ್ನ ಕಳೆದರೆ ಹೊರಗಿನವರ ಬಳಕೆ ಎಂಟೂವರೆ ಕೋಟಿ ಅಂತಿಟ್ಟುಕೊಳ್ಳಿ. ಅಂತರ ಮೂರು ಕೋಟಿಗಿಂತ ಜಾಸ್ತಿ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ಸಾಲುವುದಿಲ್ಲ, ಹತ್ತಿರಕ್ಕೂ ಬರುವುದಿಲ್ಲ.

ಆದರೆ ಈ "ಹೊರಗಿನವರು" ಅನ್ನುವುದು ಒಂದೇ ಮನೆಯವರಲ್ಲ, ಗೊಂದಲ ಇರುವುದೇ ಅಲ್ಲಿ. ಅಮೆರಿಕ ಎರಡು ಕೋಟಿಗಿಂತ ಜಾಸ್ತಿ ತೆಗೆಯುತ್ತೆ, ಎರಡು ಕೋಟಿಯಷ್ಟು ಸುಡುತ್ತೆ, ಹೆಚ್ಚೂ ಕಡಿಮೆ ಸರಿಸಮ. (ಎಲ್ಲ ದ್ರವ ಸೇರಿಸಿದ ಲೆಕ್ಕ ಇದು. ಬರೀ ಕಚ್ಚಾ ತೈಲ ಅಂದರೆ 1.32 ಕೋಟಿ.) ಕೆನಡಾ, ನಾರ್ವೆ, ಬ್ರೆಜಿಲ್, ಗಯಾನಾ ಹತ್ತಿರ ಮಿಗುತ್ತೆ. ಚೀನಾ 1.6 ಕೋಟಿಗಿಂತ ಜಾಸ್ತಿ ಸುಡುತ್ತೆ, ತೆಗೆಯುವುದು 40 ಲಕ್ಷದ ಸ್ವಲ್ಪ ಮೇಲೆ. ಭಾರತದ ಬಳಕೆ 55 ಲಕ್ಷದ ಸುತ್ತ, ಅದರಲ್ಲಿ ಕಚ್ಚಾ ತೈಲದ ಶೇ. 85ಕ್ಕಿಂತ ಜಾಸ್ತಿ ಆಮದು. ಜಪಾನ್, ದಕ್ಷಿಣ ಕೊರಿಯಾ ಹೆಚ್ಚೂ ಕಡಿಮೆ ಪೂರ್ತಿ ಆಮದು. ಯುರೋಪಿನಲ್ಲಿ ನಾರ್ವೆ ಬಿಟ್ಟರೆ ಎಲ್ಲರೂ ಕೊಳ್ಳುವವರೇ. ಹಾಗಾಗಿ ಆ ಮೂರು ಕೋಟಿಯ ಕೊರತೆ ಮುಖ್ಯವಾಗಿ ಏಷ್ಯಾದ್ದು, ಆಮೇಲೆ ಯುರೋಪಿನದ್ದು.

ಇನ್ನೊಂದು ಮಾತು. ಹಳೆಯ ಅಂಕಿ ಹೊಸ ಅಂಕಿ ಹೋಲಿಸುವಾಗ ಹುಷಾರು. ಗುಂಪಿನ ಗಡಿಯೇ ಬದಲಾಗುತ್ತಿರುತ್ತೆ. ಕತಾರ್ 2019ರ ಜನವರಿಯಲ್ಲಿ ಒಪೆಕ್ ಬಿಟ್ಟಿತು, ಈಕ್ವೆಡಾರ್ 2020ರಲ್ಲಿ, ಕೋಟಾ ಜಗಳ ಆಗಿ ಅಂಗೋಲಾ 2024ರ ಜನವರಿಯಲ್ಲಿ. ಅಂಗೋಲಾ ಹೊರಬಂದ ದಿನ "ಒಪೆಕ್ ಹೊರಗಿನ ಉತ್ಪಾದನೆ" ಕಾಗದದ ಮೇಲೆ 11 ಲಕ್ಷ ಏರಿತು, ನೆಲದಿಂದ ಒಂದು ಹನಿಯೂ ಜಾಸ್ತಿ ಬರಲಿಲ್ಲ! ಬ್ರೆಜಿಲ್ 2025ರಲ್ಲಿ ಒಪೆಕ್ ಪ್ಲಸ್ ಜೊತೆಗಿನ ಸಹಕಾರ ಒಪ್ಪಂದಕ್ಕೆ ಸೇರಿದೆ, ಆದರೆ ಕೋಟಾ ಇಲ್ಲ, ಹಾಗಾಗಿ ನಾನು ಅದನ್ನ ಹೊರಗೇ ಇಟ್ಟಿದ್ದೇನೆ. ಮೆಕ್ಸಿಕೋ ಹೆಸರಿಗೆ ಗುಂಪಿನ ಒಳಗೆ, ನಡೆಯುವುದು ತನ್ನ ಪಾಡಿಗೆ.

ಬೆಲೆ ಯಾಕೆ ಅಲ್ಲಾಡುತ್ತೆ ಅಂದರೆ, ಹೊರಗಿನವರಲ್ಲಿ ಯಾರೂ ಬಾವಿ ಮುಚ್ಚಿಟ್ಟುಕೊಂಡು ಕೂರುವುದಿಲ್ಲ. ಟೆಕ್ಸಸ್‌ನ ಕಂಪನಿಗಾಗಲಿ ಬ್ರೆಜಿಲ್‌ನ ಕಂಪನಿಗಾಗಲಿ ಸಾಲ ಇರುತ್ತೆ, ಷೇರುದಾರರು ಇರುತ್ತಾರೆ. ಆದಷ್ಟು ತೆಗೆದು ಆ ದಿನದ ಬೆಲೆಗೆ ಮಾರುತ್ತಾರೆ. ಬೇಕೆಂದೇ ಕಡಿಮೆ ತೆಗೆದು, ಬೇಕಾದಾಗ ಕೆಲವೇ ವಾರದಲ್ಲಿ ಏರಿಸುವ ಶಕ್ತಿ ಇಟ್ಟುಕೊಂಡಿರುವುದು ಮುಖ್ಯವಾಗಿ ಸೌದಿ ಅರೇಬಿಯಾ, ಅದರ ಹಿಂದೆ ಯುಎಇ. 2022ರ ಕೊನೆಯಿಂದ ಗುಂಪು ಹಂತ ಹಂತವಾಗಿ ಸುಮಾರು 58 ಲಕ್ಷ ಬ್ಯಾರೆಲ್ ಕಡಿತ ಘೋಷಿಸಿತು, 2025ರ ಏಪ್ರಿಲ್‌ನಿಂದ ಅದರಲ್ಲೊಂದು ಭಾಗವನ್ನ ವಾಪಸ್ ಬಿಡೋಕೆ ಶುರು ಮಾಡಿತು. ಹಾಗೆ ಮಾಡುವ ಶಕ್ತಿ ಹೊರಗಿನವರಲ್ಲಿ ಯಾರಿಗಿದೆ ಹೇಳಿ.

ಕುತೂಹಲಿ:

ಧನ್ಯವಾದ, ಅಂತರ ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಆದರೆ ಅಮೆರಿಕದ ಕಚ್ಚಾ ತೈಲ 2008ರಲ್ಲಿ 50 ಲಕ್ಷ ಇತ್ತಲ್ವಾ? 16 ವರ್ಷದಲ್ಲಿ 82 ಲಕ್ಷ ಏರಿಸಿದ್ದಾರೆ. ಇದೇ ವೇಗದಲ್ಲಿ ಇನ್ನೊಂದು ಸುತ್ತು ಆದರೆ ಮೂರು ಕೋಟಿ ಅಂತರ ಒಂದೇ ಏಟಿಗೆ ಕಾಲು ಭಾಗ ಕಡಿಮೆ ಆಗಲ್ವಾ?

ಬಾವಿಕಟ್ಟೆ:

ಆಗಲ್ಲ ಗುರುಗಳೇ. ನಾನು ಕೆಲವು ಕಾಲ ಬಾವಿಗಳ ಉತ್ಪಾದನೆ ಡೇಟಾ ನೋಡುವ ಕೆಲಸದಲ್ಲಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪರ್ಮಿಯನ್‌ನಲ್ಲಿ (ಪಶ್ಚಿಮ ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೋ) ಒಂದು ಶೇಲ್ ಬಾವಿ (ಬಿಗಿ ಕಲ್ಲಿನೊಳಗಿನ ತೈಲ ತೆಗೆಯುವ ಬಾವಿ) ಹೇಗಿರುತ್ತೆ ನೋಡಿ. ಎರಡು ಮೂರು ಕಿಲೋಮೀಟರ್ ನೇರ ಕೆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿಸಿ ಇನ್ನೂ ಮೂರು ಕಿಲೋಮೀಟರ್ ಹೋಗುತ್ತಾರೆ. ಕೊರೆಯುವುದು ಮುಗಿದ ಮೇಲೆ ಬೇರೆ ತಂಡ ಬರುತ್ತೆ. ಸಾಲಾಗಿ ಪಂಪ್ ಲಾರಿಗಳನ್ನ ನಿಲ್ಲಿಸಿ, ಸಾವಿರಾರು ಟನ್ ಮರಳನ್ನ ನೀರಿನ ಜೊತೆ ಭಾರಿ ಒತ್ತಡದಲ್ಲಿ ತಳ್ಳಿ ಕಲ್ಲನ್ನ ಬಿರುಕು ಬಿಡಿಸುತ್ತಾರೆ. ಒಳ್ಳೆ ಬಾವಿ ಮೊದಲ ತಿಂಗಳು ದಿನಕ್ಕೆ 1000 ಬ್ಯಾರೆಲ್ ಕೊಡಬಹುದು. ವರ್ಷ ಕಳೆಯುವಷ್ಟರಲ್ಲಿ ಅದು 300 ರಿಂದ 400ಕ್ಕೆ ಇಳಿದಿರುತ್ತೆ. ಆ ಗ್ರಾಫ್ ಮೊದಲ ಸಲ ನೋಡಿದವರಿಗೆ ಡೇಟಾದಲ್ಲೇ ಏನೋ ತಪ್ಪಿದೆ ಅನ್ನಿಸುತ್ತೆ. ಆಮೇಲೆ ಇಳಿಕೆ ನಿಧಾನ ಆಗುತ್ತೆ, ಸಣ್ಣ ಹರಿವು ವರ್ಷಗಟ್ಟಲೆ ಇರುತ್ತೆ, ಆದರೆ ದುಡ್ಡು ಹುಟ್ಟಬೇಕಾದ್ದು ಮೊದಲ ಎರಡು ವರ್ಷದಲ್ಲೇ.

ಇದರರ್ಥ, ಅಮೆರಿಕದ 1.32 ಕೋಟಿ ಅನ್ನುವುದು ಹಿಡಿದಿಟ್ಟುಕೊಳ್ಳುವ ಅಂಕಿ ಅಲ್ಲ. ಸೋರುವ ಕೊಡಕ್ಕೆ ನೀರು ತುಂಬಿಸುತ್ತಲೇ ಇದ್ದ ಹಾಗೆ. 60 ಲಕ್ಷ ಉತ್ಪಾದನೆ ಇದ್ದಾಗ ಇದ್ದಲ್ಲೇ ಇರೋಕೆ ಎಷ್ಟು ಬಾವಿ ಬೇಕಿತ್ತೋ, 1.3 ಕೋಟಿ ಇದ್ದಾಗ ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು. ಮೇಲಿಂದ ಒಳ್ಳೆ ಜಾಗಗಳನ್ನ ಮೊದಲು ಕೊರೆದಾಗಿದೆ. ಡಲ್ಲಾಸ್ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕಿನ ಡಲ್ಲಾಸ್ ಶಾಖೆ) 2025ರಲ್ಲಿ ಕಂಪನಿಗಳನ್ನ ಕೇಳಿದಾಗ ಹೊಸ ಬಾವಿ ಲಾಭ ಕೊಡಬೇಕಾದರೆ ಬ್ಯಾರೆಲ್‌ಗೆ ಸರಾಸರಿ 65 ಡಾಲರ್ ಬೇಕು ಅಂದರು. ಬೆಲೆ ಅದರ ಕೆಳಗೆ ಹೋದರೆ ಬಾವಿ ಕೊರೆಯುವ ರಿಗ್‌ಗಳು ಮನೆಗೆ ಹೋಗುತ್ತವೆ.

ಇದು ಶೇಲ್‌ಗೆ ಮಾತ್ರ ಅಂದುಕೊಳ್ಳಬೇಡಿ. ಐಇಎ (ಅಂತರರಾಷ್ಟ್ರೀಯ ಇಂಧನ ಸಂಸ್ಥೆ) 2025ರಲ್ಲಿ ಇಳಿಕೆ ಬಗ್ಗೆಯೇ ಒಂದು ವರದಿ ಮಾಡಿತು. 2019ರಿಂದ ಈಚೆಗೆ ತೈಲ ಗ್ಯಾಸ್ ತೆಗೆಯೋಕೆ ಸುರಿದ ಬಂಡವಾಳದಲ್ಲಿ ಸುಮಾರು ಶೇ. 90 ಹಳೆ ಬಾವಿಗಳ ಇಳಿಕೆ ತುಂಬೋಕೇ ಹೋಗಿದೆ ಅಂತ ಅದರಲ್ಲಿದೆ. ಅಂದರೆ ಸುದ್ದಿಯಲ್ಲಿ ಬರುವ "ಹೊಸ ಕ್ಷೇತ್ರ" ಬಹುಪಾಲು ಹಳೆಯದರ ಜಾಗ ತುಂಬುತ್ತೆ ಅಷ್ಟೇ. ಬ್ರಿಟನ್‌ನ ಉತ್ತರ ಸಮುದ್ರ 1999ರಲ್ಲೇ ಶಿಖರ ಮುಟ್ಟಿ ಇಳಿಯಿತು. ಮೆಕ್ಸಿಕೋದ ಕ್ಯಾಂಟರೆಲ್ ಕ್ಷೇತ್ರ ಒಂದು ಕಾಲಕ್ಕೆ ದಿನಕ್ಕೆ 20 ಲಕ್ಷ ಕೊಡುತ್ತಿತ್ತು, ಈಗ ಅದರ ನೆರಳೂ ಇಲ್ಲ.

ನಿಜವಾಗಿ ಗಟ್ಟಿ ಅನ್ನಿಸುವುದು ಬ್ರೆಜಿಲ್ ಮತ್ತು ಗಯಾನಾ. ಬ್ರೆಜಿಲ್‌ನ ಪ್ರೀಸಾಲ್ಟ್ ಅಂದರೆ ಎರಡು ಕಿಲೋಮೀಟರ್ ನೀರು, ಅದರ ಕೆಳಗೆ ಕಲ್ಲು, ಅದರ ಕೆಳಗೆ ಕೆಲವೆಡೆ ಎರಡು ಕಿಲೋಮೀಟರ್ ದಪ್ಪದ ಉಪ್ಪಿನ ಪದರ, ಅದರ ಕೆಳಗೆ ತೈಲ. 2006ರಲ್ಲಿ ತುಪಿ ಕ್ಷೇತ್ರ ಸಿಕ್ಕಿತು. ಅಲ್ಲಿನ ಒಂದೊಂದು ಬಾವಿ ದಿನಕ್ಕೆ ಹತ್ತಾರು ಸಾವಿರ ಬ್ಯಾರೆಲ್ ಕೊಡುತ್ತೆ, ಶೇಲ್ ಥರ ಮೊದಲ ವರ್ಷಕ್ಕೇ ಕುಸಿಯಲ್ಲ. ಗಯಾನಾದ ತೈಲ ಇರುವುದು ದಡದಿಂದ ಸುಮಾರು 200 ಕಿಲೋಮೀಟರ್ ದೂರ ಸಮುದ್ರದಲ್ಲಿ. ನಿಂತ ಹಡಗಿನಲ್ಲೇ ತೈಲದಿಂದ ಗ್ಯಾಸ್, ನೀರು ಬೇರ್ಪಡಿಸಿ, ಅಲ್ಲೇ ತುಂಬಿಟ್ಟು, ಅಲ್ಲಿಂದಲೇ ಬೇರೆ ಹಡಗಿಗೆ ಇಳಿಸುತ್ತಾರೆ. ದೇಶದಲ್ಲಿ ಒಂದೂ ರಿಫೈನರಿ ಇಲ್ಲ, ಪೆಟ್ರೋಲ್ ಹೊರಗಿಂದ ತರಿಸುತ್ತಾರೆ. ಜನಸಂಖ್ಯೆ 8 ಲಕ್ಷ. ಹಾಗಾಗಿ ತೆಗೆದಿದ್ದೆಲ್ಲ ರಫ್ತೇ.

ಮುಂದಿನ ಸಾಲಿನಲ್ಲಿ ಸುರಿನಾಮ್ ಇದೆ, 2028ರಲ್ಲಿ ಶುರು ಮಾಡುವ ಯೋಜನೆ. ನಮೀಬಿಯಾ ಬಗ್ಗೆ 2022ರಲ್ಲಿ ಭಾರಿ ಗದ್ದಲ ಇತ್ತು, ಆದರೆ ಅಲ್ಲಿ ತೈಲದ ಜೊತೆ ಗ್ಯಾಸ್ ಜಾಸ್ತಿ, ಕಲ್ಲು ಬಿಗಿ. ಶೆಲ್ 2025ರ ಆರಂಭದಲ್ಲಿ ಅಲ್ಲಿನ ಸುಮಾರು 40 ಕೋಟಿ ಡಾಲರ್ ನಷ್ಟ ಅಂತ ಬರೆದು ಹಾಕಿತು. ಸಿಕ್ಕಿದೆ ಅನ್ನುವುದಕ್ಕೂ ಬರುತ್ತೆ ಅನ್ನುವುದಕ್ಕೂ ನಡುವೆ ಬಹಳ ದೂರ ಇದೆ.

ಎದುರುಮಾತು:

ಮೇಲಿನ ಇಬ್ಬರೂ ಬರೀ ಪೂರೈಕೆ ಬಗ್ಗೆಯೇ ಮಾತಾಡ್ತಾ ಇದ್ದೀರಿ. ಅಂತರ ಎರಡು ಕಡೆಯಿಂದ ಕಡಿಮೆ ಆಗಬಹುದು ಅಲ್ವಾ? ಬಳಕೆ ಕಡೆ ಯಾರೂ ಯಾಕೆ ನೋಡ್ತಿಲ್ಲ?

ಶ್ರೀಮಂತ ದೇಶಗಳ ಗುಂಪಾದ ಒಇಸಿಡಿಯ ತೈಲ ಬಳಕೆ 2005ರಲ್ಲೇ 5 ಕೋಟಿ ಬ್ಯಾರೆಲ್ ಹತ್ತಿರ ಹೋಗಿ ನಿಂತಿತು. ಈಗ 4.5 ಕೋಟಿಯ ಸುತ್ತ ಇದೆ. ಯಾವ ಕಡಿತವೂ ಇಲ್ಲ, ನಿಷೇಧವೂ ಇಲ್ಲ. ಕಾರುಗಳು ಕಡಿಮೆ ಕುಡಿಯೋಕೆ ಶುರು ಮಾಡಿದವು, ಮನೆ ಬಿಸಿ ಮಾಡೋಕೆ ತೈಲದ ಬದಲು ಗ್ಯಾಸ್ ಬಂತು, ಕಾರ್ಖಾನೆಗಳು ಏಷ್ಯಾಕ್ಕೆ ಹೋದವು. ಕೊನೆಯದ್ದು ಮೋಸದ ಉಳಿತಾಯ, ಒಪ್ಪುತ್ತೇನೆ, ಆ ತೈಲ ಇನ್ನೊಬ್ಬರ ಲೆಕ್ಕಕ್ಕೆ ಹೋಯಿತು.

ಈಗ ಚೀನಾ ನೋಡಿ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಅರ್ಧ ಪ್ಲಗ್ ಹಾಕುವ ಕಾರುಗಳು. ದೊಡ್ಡ ಲಾರಿಗಳಲ್ಲೂ ಡೀಸೆಲ್ ಬಿಟ್ಟು ಎಲ್‌ಎನ್‌ಜಿ (ದ್ರವ ಮಾಡಿದ ನೈಸರ್ಗಿಕ ಗ್ಯಾಸ್) ಕಡೆ ತಿರುಗಿದವರು ಬಹಳ ಜನ. ಪೆಟ್ರೋಲ್, ಡೀಸೆಲ್ ಬಳಕೆ ಏರುವುದು ನಿಂತಿದೆ. ಅದಕ್ಕೂ ಹಿಂದಿನ ಹತ್ತು ವರ್ಷದಲ್ಲಿ ಜಗತ್ತಿನ ತೈಲ ಬಳಕೆ ಏರಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದೇ ದೇಶದ್ದು. ಆ ಎಂಜಿನ್ ನಿಧಾನ ಆದರೆ ಕಬ್ಬಿಣದ ಕಡಲೆಯವರ ಮೂರು ಕೋಟಿ ಕೊರತೆ ಬೆಳೆಯೋದು ಹೇಗೆ? ಇನ್ನು ನಾರ್ವೆ. ಅಲ್ಲಿ 2024ರಲ್ಲಿ ಹೊಸ ಕಾರುಗಳಲ್ಲಿ ಹತ್ತರಲ್ಲಿ ಒಂಬತ್ತು ಎಲೆಕ್ಟ್ರಿಕ್, ತೈಲವನ್ನೆಲ್ಲ ಬೇರೆಯವರಿಗೆ ಮಾರುತ್ತಾರೆ. ಜಾಣರು!

ಮುಂದೇನು ಅನ್ನುವುದರಲ್ಲಿ ತಜ್ಞರೇ ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ ಎಳೀತಾರೆ. 2024ರ ಬಳಕೆ ದಿನಕ್ಕೆ 22 ಲಕ್ಷ ಬ್ಯಾರೆಲ್ ಏರುತ್ತೆ ಅಂತ ಒಪೆಕ್ ತಿಂಗಳುಗಟ್ಟಲೆ ಹೇಳಿತು, ಐಇಎ 10 ಲಕ್ಷದ ಆಸುಪಾಸು ಅಂತಿತ್ತು. ಒಪೆಕ್ ಆಮೇಲೆ ಹಂತ ಹಂತವಾಗಿ ಇಳಿಸಿತು. 2050ಕ್ಕೆ ಬಳಕೆ 12 ಕೋಟಿ ದಾಟುತ್ತೆ ಅಂತಲೂ ಒಪೆಕ್ ಹೇಳುತ್ತೆ. ಮಾರುವವರು ಹಾಗೆ ಹೇಳದೆ ಇನ್ನೇನು ಹೇಳ್ತಾರೆ? ಹಾಗಂತ ಐಇಎಯನ್ನೂ ಕಣ್ಮುಚ್ಚಿ ನಂಬಬೇಡಿ, ಅದನ್ನ 1974ರಲ್ಲಿ ಕಟ್ಟಿದ್ದೇ ಕೊಳ್ಳುವ ದೇಶಗಳು.

ಬಾವಿಕಟ್ಟೆ:

ಎದುರುಮಾತು ಅವರೇ, ಚೀನಾ ವಿಷಯ ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಪೆಟ್ರೋಲ್ ನಿಂತಿದೆ, ಪ್ಲಾಸ್ಟಿಕ್ ನಿಂತಿಲ್ಲ. ಚೀನಾದ ಪೆಟ್ರೋಕೆಮಿಕಲ್ ಘಟಕಗಳಿಗೆ ಬೇಕಾದ ನಾಫ್ತಾ, ಪ್ರೊಪೇನ್, ಈಥೇನ್ ಏರುತ್ತಲೇ ಇದೆ. ಅದರಲ್ಲಿ ಪ್ರೊಪೇನ್, ಈಥೇನ್ ದೊಡ್ಡ ಪಾಲು ಬರುವುದು ಎಲ್ಲಿಂದ? ಅಮೆರಿಕದ ಶೇಲ್‌ನಿಂದ. ಅಂದರೆ ಎರಡೂ ಕಡೆ ಹೊರಗಿನವರೇ, ವ್ಯಾಪಾರ ಒಪೆಕ್‌ನ ಮುಟ್ಟದೇ ನಡೆಯುತ್ತೆ.

ಇನ್ನು "ಅಂತರ ಕಡಿಮೆ ಆದರೆ ಒಪೆಕ್ ಕಥೆ ಮುಗೀತು" ಅನ್ನುವವರಿಗೆ 2014 ನೆನಪಿಸಬೇಕು. ಆ ವರ್ಷ ಜೂನ್‌ನಲ್ಲಿ ಬ್ರೆಂಟ್ (ಜಗತ್ತು ಅಳತೆಗೋಲಾಗಿ ನೋಡುವ ತೈಲ ಬೆಲೆ) 115 ಡಾಲರ್ ಇತ್ತು. ಶೇಲ್ ಉಕ್ಕುತ್ತಿತ್ತು. ನವೆಂಬರ್ 27ರಂದು ಒಪೆಕ್ ಕೂತು ಉತ್ಪಾದನೆ ಕಡಿಮೆ ಮಾಡಲ್ಲ ಅಂದುಬಿಟ್ಟಿತು. 2016ರ ಜನವರಿಗೆ ಬೆಲೆ 30 ಡಾಲರ್ ಕೆಳಗಿತ್ತು. ಅಮೆರಿಕದಲ್ಲಿ ಕಂಪನಿಗಳು ಸಾಲಾಗಿ ದಿವಾಳಿ ಅರ್ಜಿ ಹಾಕಿದವು, ಆದರೆ ಉಳಿದವರು ಕಡಿಮೆ ಖರ್ಚಿನಲ್ಲಿ ಕೊರೆಯೋದು ಕಲಿತುಕೊಂಡರು. ಆ ಜಗಳದಲ್ಲಿ ಒಪೆಕ್ ಕೂಡ ಸುಸ್ತಾಗಿ 2016ರ ಡಿಸೆಂಬರ್‌ನಲ್ಲಿ ರಷ್ಯಾವನ್ನ ಸೇರಿಸಿಕೊಂಡಿತು. ಒಪೆಕ್ ಪ್ಲಸ್ ಹುಟ್ಟಿದ್ದೇ ಹೊರಗಿನವರ ಕಾಟ ತಡೆಯಲಾರದೆ. ಹಾಗಾಗಿ ಹೊರಗಿನವರಿಗೆ ಶಕ್ತಿಯೇ ಇಲ್ಲ ಅಂತ ನಾನೂ ಹೇಳಲ್ಲ. ಅವರ ಶಕ್ತಿ ಕೆಲಸ ಮಾಡೋದು ವರ್ಷಗಳ ಲೆಕ್ಕದಲ್ಲಿ, ಒಪೆಕ್‌ನದ್ದು ವಾರಗಳ ಲೆಕ್ಕದಲ್ಲಿ.

ಕಡಲಪಯಣಿ:

ಗ್ಯಾಸ್ ಬಗ್ಗೆ ಕೇಳಿದ್ರಲ್ಲ, ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ. ಎಲ್‌ಎನ್‌ಜಿ ಹಡಗಿನಲ್ಲಿ ಕೆಲಸ ಮಾಡಿದವನು.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ತೈಲವನ್ನ ಟ್ಯಾಂಕಿನಲ್ಲಿ ಸುರಿದು ತಿಂಗಳುಗಟ್ಟಲೆ ಕಾಯಬಹುದು, ಅದಕ್ಕೇ ಅದಕ್ಕೆ ಜಗತ್ತಿಗೆಲ್ಲ ಹೆಚ್ಚೂ ಕಡಿಮೆ ಒಂದೇ ಬೆಲೆ. ಗ್ಯಾಸ್ ಹಾಗಲ್ಲ. ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿದರೆ ದ್ರವ ಆಗಿ 600ರಲ್ಲಿ ಒಂದು ಪಾಲಿಗೆ ಕುಗ್ಗುತ್ತೆ, ಆಗ ಹಡಗಿಗೆ ಹತ್ತುತ್ತೆ. ಆದರೆ ಎಷ್ಟೇ ಒಳ್ಳೆ ಟ್ಯಾಂಕ್ ಇದ್ದರೂ ಅದು ಒಳಗೆ ಕುದಿಯುತ್ತಲೇ ಇರುತ್ತೆ. ಹೊಸ ಹಡಗಿನಲ್ಲಿ ದಿನಕ್ಕೆ ಸುಮಾರು ಶೇ. 0.1 ಆವಿ ಆಗುತ್ತೆ, ಅದನ್ನೇ ನಾವು ಎಂಜಿನ್‌ಗೆ ಸುಡುತ್ತೇವೆ. ಇಳಿಸುವಾಗಲೂ ಪೂರ್ತಿ ಖಾಲಿ ಮಾಡಲ್ಲ, ಟ್ಯಾಂಕ್ ತಣ್ಣಗಿರಲಿ ಅಂತ ತಳದಲ್ಲಿ ಸ್ವಲ್ಪ ಬಿಡುತ್ತೇವೆ. ಬಿಸಿಯಾದ ಟ್ಯಾಂಕನ್ನ ಮತ್ತೆ ತಣ್ಣಗೆ ಮಾಡೋದು ದೊಡ್ಡ ರಗಳೆ. ಹಾಗಾಗಿ ಬಂದರಿನ ಹೊರಗೆ ಲಂಗರು ಹಾಕಿ ಕಾಯುವ ಪ್ರತಿ ದಿನ ಸರಕು ಕರಗುತ್ತಿರುತ್ತೆ, ಬಾಡಿಗೆ ಏರುತ್ತಿರುತ್ತೆ. 2022ರ ಅಕ್ಟೋಬರ್‌ನಲ್ಲಿ ಸ್ಪೇನ್ ಹೊರಗೆ ಹಡಗುಗಳು ಸಾಲುಗಟ್ಟಿ ನಿಂತಿದ್ದು ಹೀಗೇ. ಗ್ಯಾಸ್ ಬಂದಿತ್ತು, ಇಳಿಸಿಕೊಳ್ಳುವ ಟರ್ಮಿನಲ್‌ನಲ್ಲಿ ಜಾಗ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಗ್ಯಾಸ್ ರಫ್ತುದಾರರಿಗೂ ಒಂದು ಕೂಟ ಇದೆ, 2001ರಲ್ಲಿ ಟೆಹರಾನ್‌ನಲ್ಲಿ ಶುರುವಾಯಿತು. ರಷ್ಯಾ, ಇರಾನ್, ಕತಾರ್ ಎಲ್ಲ ಅದರಲ್ಲಿವೆ. ಆದರೆ ಕೋಟಾ ಇಲ್ಲ, ಕಡಿತ ಇಲ್ಲ, ಅವರ ಸಭೆ ಆದರೆ ಬೆಲೆ ಮಿಸುಕೋದೂ ಇಲ್ಲ. ಎಲ್‌ಎನ್‌ಜಿಯಲ್ಲಿ ದೊಡ್ಡ ಮೂವರು ಅಮೆರಿಕ, ಆಸ್ಟ್ರೇಲಿಯಾ, ಕತಾರ್. ಜಗತ್ತಿನ ಎಲ್‌ಎನ್‌ಜಿಯ ಸುಮಾರು ಶೇ. 60 ಈ ಮೂರರದ್ದು, ಅದರಲ್ಲಿ ಇಬ್ಬರು ಯಾವ ಕೂಟಕ್ಕೂ ಸೇರಿಲ್ಲ. ಅಮೆರಿಕದ ಸಬೀನ್ ಪಾಸ್ ಟರ್ಮಿನಲ್‌ನಿಂದ ಮೊದಲ ಹಡಗು ಹೊರಟಿದ್ದು 2016ರ ಫೆಬ್ರವರಿಯಲ್ಲಿ. 2023ರ ಹೊತ್ತಿಗೆ ಅಮೆರಿಕವೇ ನಂಬರ್ ಒನ್. ತೈಲದಲ್ಲಿ ಇಂಥದ್ದು ಯೋಚನೆ ಮಾಡೋಕೂ ಆಗಲ್ಲ.

ಆದರೂ ಕೊಳ್ಳುವವನಿಗೆ ನೆಮ್ಮದಿ ಇಲ್ಲ. ಜಗತ್ತಿನಲ್ಲಿ ತೆಗೆಯುವ ಗ್ಯಾಸ್‌ನಲ್ಲಿ ಹಡಗಿಗೆ ಹತ್ತುವುದು ಎಂಟನೇ ಒಂದು ಪಾಲಿನಷ್ಟು ಮಾತ್ರ. ಉಳಿದದ್ದು ಪೈಪ್‌ನಲ್ಲಿ ಅಥವಾ ತೆಗೆದ ದೇಶದಲ್ಲೇ. 2021ರಲ್ಲಿ ಯುರೋಪಿಯನ್ ಯೂನಿಯನ್ ತರಿಸುವ ಗ್ಯಾಸ್‌ನಲ್ಲಿ ಶೇ. 40ಕ್ಕಿಂತ ಜಾಸ್ತಿ ರಷ್ಯಾದ್ದು. ಉಕ್ರೇನ್ ಯುದ್ಧ ಶುರುವಾಗಿ ಆ ಪೈಪ್ ಹರಿವು ಕುಸಿದಾಗ ಯುರೋಪ್ ಒಂದೇ ಸಮನೆ ಈ ಸಣ್ಣ ಹಡಗು ಮಾರುಕಟ್ಟೆಗೆ ನುಗ್ಗಿತು. 2022ರ ಆಗಸ್ಟ್‌ನಲ್ಲಿ ಟಿಟಿಎಫ್ ಬೆಲೆ (ಯುರೋಪಿನ ಗ್ಯಾಸ್‌ಗೆ ಅಳತೆಗೋಲಾದ ಬೆಲೆ) ಮೆಗಾವ್ಯಾಟ್ ಅವರ್‌ಗೆ 300 ಯುರೋ ದಾಟಿತು. ನಾರ್ವೆ ಯುರೋಪಿಗೆ ಅತಿ ದೊಡ್ಡ ಪೂರೈಕೆದಾರ ಆಯಿತು. ಪೆಟ್ಟು ಬಿದ್ದಿದ್ದು ಪಾಕಿಸ್ತಾನ, ಬಾಂಗ್ಲಾದೇಶಕ್ಕೆ. ಆ ಬೆಲೆಗೆ ಕೊಳ್ಳೋಕೆ ಆಗದೆ ಟೆಂಡರ್ ಕರೆದರೂ ಕೆಲವು ಸಲ ಒಬ್ಬರೂ ಬರಲಿಲ್ಲ, ಗಂಟೆಗಟ್ಟಲೆ ಕರೆಂಟ್ ತೆಗೆದರು. ಕರಾರು ಇದ್ದರೂ, ಸಣ್ಣ ದಂಡ ಕಟ್ಟಿ ಹಡಗನ್ನ ಯುರೋಪಿಗೆ ತಿರುಗಿಸಿದರೆ ಮಾರುವವನಿಗೆ ಲಾಭವೇ ಜಾಸ್ತಿ ಇತ್ತು. ಅಲ್ಲಿ ಯಾವ ಕೂಟವೂ ಕಡಿತ ಮಾಡಿರಲಿಲ್ಲ, ಮುಕ್ತ ಮಾರುಕಟ್ಟೆಯೇ ಮಾಡಿದ ಕೆಲಸ ಅದು. ಒಪೆಕ್ ಒಂದೇ ವಿಲನ್ ಅಂದುಕೊಂಡವರು ಇದನ್ನ ಸ್ವಲ್ಪ ನೋಡಲಿ.

ಇದರ ಎದುರು ತುದಿ ಪಶ್ಚಿಮ ಟೆಕ್ಸಸ್‌ನ ವಾಹಾ ಅನ್ನುವ ಗ್ಯಾಸ್ ಮಾರಾಟ ಕೇಂದ್ರ. ಬಾವಿಕಟ್ಟೆ ಹೇಳಿದ ಆ ಶೇಲ್ ಬಾವಿಗಳಲ್ಲಿ ತೈಲದ ಜೊತೆ ಗ್ಯಾಸ್ ಬಂದೇ ಬರುತ್ತೆ, ಬೇಡ ಅಂದರೂ. ಹೊರಗೆ ಸಾಗಿಸೋಕೆ ಪೈಪ್ ಸಾಲದೆ 2024ರಲ್ಲಿ ಅಲ್ಲಿ ಗ್ಯಾಸ್ ಬೆಲೆ ಎಷ್ಟೋ ದಿನ ಸೊನ್ನೆಗಿಂತ ಕೆಳಗಿತ್ತು. ಅಂದರೆ ತಗೊಂಡು ಹೋಗಿ ಅಂತ ಕೈಯಿಂದ ದುಡ್ಡು ಕೊಡಬೇಕು. ಅದೇ ಗ್ಯಾಸ್ ದ್ರವ ಆಗಿ ಹಡಗು ಹತ್ತಿದ್ದರೆ ಜಪಾನಿನಲ್ಲಿ ಪ್ರತಿ ಎಂಎಂಬಿಟಿಯುಗೆ (ಗ್ಯಾಸ್ ಅಳೆಯುವ ಶಾಖದ ಏಕಮಾನ) ಹತ್ತು ಡಾಲರ್ ಮೇಲೆ.

ಕಬ್ಬಿಣದ ಕಡಲೆ:

ಕಡಲಪಯಣಿ, ಒಳ್ಳೆ ಬರಹ. ಒಂದೆರಡು ಬಿಟ್ಟುಹೋದ ಮಾತು ಸೇರಿಸುತ್ತೇನೆ.

ಬ್ಯಾರೆಲ್ ಬ್ಯಾರೆಲ್ ಒಂದೇ ಅಲ್ಲ. ಪರ್ಮಿಯನ್ ತೈಲ ತೆಳು, ಗಂಧಕ ಕಡಿಮೆ. ಆದರೆ ಮೆಕ್ಸಿಕೋ ಕೊಲ್ಲಿ ದಡದ ಅಮೆರಿಕನ್ ರಿಫೈನರಿಗಳನ್ನ ಕಟ್ಟಿದ್ದು ವೆನೆಜುವೆಲಾ, ಮೆಕ್ಸಿಕೋ ಕಡೆಯ ಮಂದ ತೈಲಕ್ಕೆ. ಅದಕ್ಕೇ ಅಮೆರಿಕ ದಿನಕ್ಕೆ 40 ಲಕ್ಷ ಬ್ಯಾರೆಲ್ ಕಚ್ಚಾ ತೈಲ ರಫ್ತೂ ಮಾಡುತ್ತೆ, 65 ಲಕ್ಷದಷ್ಟು ಆಮದೂ ಮಾಡುತ್ತೆ, ಆಮದಿನಲ್ಲಿ ಬಹುಪಾಲು ಕೆನಡಾದ್ದು. 2015ರ ಡಿಸೆಂಬರ್‌ವರೆಗೆ ಅಮೆರಿಕದಿಂದ ಕಚ್ಚಾ ತೈಲ ರಫ್ತು ಮಾಡೋಕೆ ಹೆಚ್ಚೂ ಕಡಿಮೆ ನಿಷೇಧವೇ ಇತ್ತು. ಈಗ ಟೆಕ್ಸಸ್ ತೈಲ ಬ್ರೆಂಟ್ ಬೆಲೆ ಲೆಕ್ಕದ ಬುಟ್ಟಿಯೊಳಗೇ ಸೇರಿದೆ, 2023ರಿಂದ. ಉತ್ತರ ಸಮುದ್ರದ ಹೆಸರಿನ ಬೆಲೆಯನ್ನ ಎಷ್ಟೋ ದಿನ ಟೆಕ್ಸಸ್ ನಿರ್ಧರಿಸುತ್ತೆ. ಕೆನಡಾಕ್ಕೆ ಒಬ್ಬನೇ ಗಿರಾಕಿ ಅನ್ನುವ ಸ್ಥಿತಿ ಇತ್ತು, ಹಾಗಾಗಿ ತನ್ನ ತೈಲವನ್ನ ಯಾವಾಗಲೂ ರಿಯಾಯಿತಿಗೆ ಮಾರಬೇಕಿತ್ತು. 2024ರ ಮೇನಲ್ಲಿ ಟ್ರಾನ್ಸ್ ಮೌಂಟನ್ ಪೈಪ್‌ಲೈನ್ 3 ಲಕ್ಷದಿಂದ 8.9 ಲಕ್ಷಕ್ಕೆ ಹಿಗ್ಗಿ ಪೆಸಿಫಿಕ್ ದಡಕ್ಕೆ ದಾರಿ ಆದ ಮೇಲೆ ರಿಯಾಯಿತಿ ಕಡಿಮೆ ಆಯಿತು.

ಇನ್ನೊಂದು, ಇವತ್ತು ಮಾರುವವನು ನಾಳೆಯೂ ಮಾರುತ್ತಾನೆ ಅಂತಿಲ್ಲ. ಇಂಡೋನೇಷ್ಯಾ 1962ರಲ್ಲೇ ಒಪೆಕ್ ಸೇರಿದ ದೇಶ. ಬಾವಿ ಇಳಿಯಿತು, ಮನೆಯ ಬಳಕೆ ಏರಿತು, 2000ದ ದಶಕದಲ್ಲಿ ಆಮದು ಮಾಡುವ ಒಪೆಕ್ ಸದಸ್ಯ ಅನ್ನುವ ವಿಚಿತ್ರ ಸ್ಥಿತಿಗೆ ಬಂದು ಹೊರಬಿತ್ತು. ಈಜಿಪ್ಟ್‌ಗೆ 2015ರಲ್ಲಿ ಜೋಹ್ರ್ ಎಂಬ ದೊಡ್ಡ ಗ್ಯಾಸ್ ಕ್ಷೇತ್ರ ಸಿಕ್ಕಿತು, ಎಲ್‌ಎನ್‌ಜಿ ರಫ್ತು ಮಾಡಿತು, 2024ಕ್ಕೆ ಮತ್ತೆ ಎಲ್‌ಎನ್‌ಜಿ ಕೊಳ್ಳುತ್ತಾ ಬೇಸಿಗೆಯಲ್ಲಿ ಕರೆಂಟ್ ತೆಗೆಯುತ್ತಿತ್ತು. ಹತ್ತು ವರ್ಷವೂ ಆಗಿರಲಿಲ್ಲ. ಕೊಳ್ಳುವ ದೇಶಕ್ಕೆ ಲೆಕ್ಕಕ್ಕೆ ಬರುವುದು ಬೇರೆಯವರು ಎಷ್ಟು ತೆಗೆದರು ಅನ್ನುವುದಲ್ಲ, ಅವರ ಮನೆಯಲ್ಲಿ ಖರ್ಚಾಗಿ ಎಷ್ಟು ಹೊರಗೆ ಬಂತು ಅನ್ನುವುದು. ಗಯಾನಾ ನನಗೆ ಇಷ್ಟ ಆಗೋದು ಅದಕ್ಕೇ, ತಿನ್ನುವ ಬಾಯಿ ಕಡಿಮೆ.

ಕುತೂಹಲಿ:

ತುಂಬಾ ಉಪಕಾರ ಆಯಿತು. ಕೊನೆಗೊಂದು ಪ್ರಶ್ನೆ. ಪ್ರತಿ ತಿಂಗಳು ಒಂದೇ ಒಂದು ಅಂಕಿ ನೋಡಬೇಕು ಅಂದರೆ ಯಾವುದು ನೋಡಲಿ? ಎಲ್ಲ ವರದಿ ಓದುವಷ್ಟು ಪುರುಸೊತ್ತು ಇಲ್ಲ.

ಎದುರುಮಾತು:

ಒಪೆಕ್, ಐಇಎ ಇಬ್ಬರೂ ತಿಂಗಳ ವರದಿ ಬಿಡ್ತಾರೆ. ಜಗತ್ತಿನ ಬಳಕೆಯಲ್ಲಿ ಗುಂಪಿನ ಹೊರಗಿನವರ ಉತ್ಪಾದನೆ ಕಳೆದು, ಗುಂಪಿನಿಂದ ಎಷ್ಟು ಕಚ್ಚಾ ತೈಲ ಬೇಕು ಅಂತ ಒಂದು ಸಾಲು ಇಬ್ಬರಲ್ಲೂ ಇರುತ್ತೆ. ಅದರ ಪಕ್ಕ ಗುಂಪು ನಿಜವಾಗಿ ತೆಗೆದದ್ದು ಎಷ್ಟು ಅಂತ ಇರುತ್ತೆ. ತೆಗೆದದ್ದು ಜಾಸ್ತಿ ಇದ್ದರೆ ಎಲ್ಲೋ ಟ್ಯಾಂಕ್ ತುಂಬುತ್ತಿದೆ ಅಂತ. ಇಬ್ಬರ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿ, ಒಬ್ಬರದ್ದೇ ನೋಡಬೇಡಿ. ಗ್ಯಾಸ್‌ಗಾದರೆ ನವೆಂಬರ್ ಶುರುವಿನಲ್ಲಿ ಯುರೋಪಿನ ಭೂಗತ ದಾಸ್ತಾನು ಶೇಕಡಾ ಎಷ್ಟು ತುಂಬಿದೆ ಅಂತ ನೋಡಿ, ಅದು ದಿನಾ ಆನ್‌ಲೈನ್‌ನಲ್ಲಿ ಸಿಗುತ್ತೆ.